ಗಂಡನಿರುವ ಪಾತ್ರ

ಮಸ್ಕತ್ತಿನ ನಮ್ಮ ಕನ್ನಡ ಸಂಘದ ನಾಟಕಗಳಲ್ಲಿ ವಿಧವೆಯ ಪಾತ್ರ ಯಾರಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಅದು ನನಗೇ. ನಾಯಕನ ತಾಯಿ, ಮನೆಹಾಳು ಅತ್ತೆ, ಮೂಲೆಯಲ್ಲಿ ಕೂತು ಕೆಮ್ಮುವ ಸೋದರತ್ತೆ, ಎಲ್ಲರೂ ವಿಧವೆಯರೇ. ಕಾರಣ ನನ್ನ ಅಭಿನಯವಲ್ಲ. ಸಂಘದ ಹೆಂಗಸರು ಯಾರೂ ಸ್ಟೇಜಿನ ಮೇಲೆ ಕರಿಮಣಿ ತೆಗೆಯಲು ಒಪ್ಪುತ್ತಿರಲಿಲ್ಲ. ಊರಲ್ಲಿರುವ ಅತ್ತೆಗೆ ವಿಡಿಯೋ ಹೋದರೆ ಮುಗಿಯಿತು. ನಾನು ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್, ಬೆರಳಲ್ಲಿ ಉಂಗುರ ಮಾತ್ರ. ನನಗೇನೂ ದೋಷವಿಲ್ಲ ಎಂದು ಅವರೇ ತೀರ್ಮಾನಿಸಿದ್ದರು.

ನನ್ನವರಿಗೆ ಇದೊಂದು ತಮಾಷೆ. ಶುಕ್ರವಾರ ಅಲ್ ಖೌದಿನ ಫ್ಲ್ಯಾಟಿನಿಂದ ಬೌಷರಿಗೆ ರಿಹರ್ಸಲ್ಲಿಗೆ ಬಿಡುವಾಗ, ಈ ವರ್ಷ ನಿನ್ನ ಗಂಡನನ್ನು ಹೇಗೆ ಕೊಂದಿದ್ದಾರೆ ಎಂದು ಕೇಳುತ್ತಿದ್ದರು. ಒಂದು ಸಲವಾದರೂ ಹೂ ಮುಡಿದು, ಬಣ್ಣದ ಸೀರೆ ಉಟ್ಟು, ಗಂಡನ ಜೊತೆ ಜಗಳವಾಡುವ ಪಾತ್ರ ಸಿಗಲಿ ಎಂದು ನನಗೆ ಆಸೆಯಿತ್ತು.

ಕಳೆದ ಬೇಸಿಗೆಯಲ್ಲಿ ಅವರು ನಿಜವಾಗಿಯೂ ಹೋದರು. ಆಫೀಸಿನಲ್ಲಿ ಎದೆನೋವು, ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಸ್ಟೇಜಿನಲ್ಲಿ ಕೊಡಗಟ್ಟಲೆ ಕಣ್ಣೀರು ಸುರಿಸಿದವಳಿಗೆ ಒಂದು ಹನಿ ಬರಲಿಲ್ಲ. ನಾನು ಕೆಲಸ ಮಾಡುವ ರುಸೈಲಿನ ಫ್ಯಾಕ್ಟರಿ ಆಫೀಸಿನಿಂದ ಮನೆಗೆ ಬಂದರೆ ಕೂರಲಾಗುತ್ತಿರಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಅಡುಗೆಮನೆ, ಬಾಲ್ಕನಿ, ಮತ್ತೆ ಅಡುಗೆಮನೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದೆ. ಮಗಳು ಫೋನಿನಲ್ಲಿ ಸ್ವಲ್ಪ ಸುಮ್ಮನೆ ಕೂರು ಎಂದರೆ ಅವಳ ಮೇಲೆಯೇ ರೇಗುತ್ತಿದ್ದೆ. ನಾಟಕ ಶುರುವಾದರೆ ಸರಿಹೋಗುತ್ತೇನೆ ಎಂದು ಅದೊಂದನ್ನೇ ಕಾಯುತ್ತಿದ್ದೆ.

ಶುರುವಾಯಿತು. ನಿರ್ದೇಶಕರು ಉಡುಪಿಯವರು, ಮೃದು ಮನುಷ್ಯ. ನನ್ನನ್ನು ಬದಿಗೆ ಕರೆದರು.

"ಅಕ್ಕ, ಈ ಸಲ ನಿಮಗೆ ಗಂಡ ಇರುವ ಪಾತ್ರ. ಇನ್ನು ಆ ಬಿಳಿ ಸೀರೆ ನಿಮಗೆ ಕೊಡ್ಲಿಕ್ಕೆ ನಮಗೆ ಮನಸ್ಸಾಗುದಿಲ್ಲ."

ಅವರ ಕಣ್ಣು ತುಂಬಿತ್ತು. ನನಗೋ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಬೇಡ ಎನ್ನಬೇಕೆಂದಿದ್ದೆ. ಆದರೆ ಬೇಡ ಎಂದರೆ ಮತ್ತೆ ಆ ಮನೆಗೇ ಹೋಗಬೇಕು, ಆ ಬಾಲ್ಕನಿಗೇ. ಸ್ಕ್ರಿಪ್ಟ್ ತೆಗೆದುಕೊಂಡೆ.

ಮೊದಲ ದೃಶ್ಯದಲ್ಲಿ ನಾನು ಚಾ ತಂದಿಟ್ಟು ಒಳಗಿರುವ ಗಂಡನನ್ನು ಕರೆಯಬೇಕು. ಅಷ್ಟೇ. ಗಂಡನ ಪಾತ್ರದವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಡೊಳ್ಳುಹೊಟ್ಟೆಯ ಮನುಷ್ಯ, ಪರದೆಯ ಹಿಂದೆ ಕಾಯುತ್ತಿದ್ದರು. ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ಎಲ್ಲರೂ ನೆಲ ನೋಡತೊಡಗಿದರು. ಇವತ್ತಿಗೆ ಸಾಕು ಎನ್ನಲು ನಿರ್ದೇಶಕರು ಎದ್ದರು. ಅಷ್ಟರಲ್ಲಿ ಕರೆದೆ.

"ಚಾ ತಣಿತಾ ಉಂಟು. ಬನ್ನಿ."

"ಬಂದೆ ಮಾರಾಯ್ತಿ," ಎನ್ನುತ್ತಾ ಅವರು ಲುಂಗಿ ಸರಿಮಾಡಿಕೊಂಡು ಹೊರಗೆ ಬಂದರು.

ಕರೆದರೆ ಒಬ್ಬರು ಬಂದರು. ಇಷ್ಟು ತಿಂಗಳು ಬಾರದ ಅಳು ಆಗ ಬಂತು, ತಡೆಯಲಾಗದಷ್ಟು. ಹೆದರಿದವರು ಕುರ್ಚಿ ತಂದರು, ನೀರು ತಂದರು. ಅದು ತಮಾಷೆಯ ದೃಶ್ಯ, ಅಲ್ಲಿ ಅಳಲಿಕ್ಕಿಲ್ಲ ಎಂದು ನನಗೂ ಗೊತ್ತಿತ್ತು. ಮೂಗು ಒರೆಸಿಕೊಂಡು, ಪುನಃ ಪರದೆಯ ಹಿಂದೆ ಹೋಗಿ ನಿಲ್ಲಿ ಎಂದು ಗಂಡನ ಪಾತ್ರದವರಿಗೆ ಹೇಳಿದೆ. ನನಗೆ ಇನ್ನೊಮ್ಮೆ ಕರೆಯಬೇಕಿತ್ತು.