ಒಲೆಗೆ ಹೋಗದ ಬಟ್ಟಲು

ಕಂಡಕ್ಟರಮ್ಮನ ಬಾಯಿಗೆ ಹೆದರದ ಪ್ರಯಾಣಿಕ ಆ ರೂಟಿನಲ್ಲಿ ಇರಲಿಲ್ಲ. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು, ಟಿಕೆಟ್ ಹರಿಯುತ್ತಲೇ, ನಿದ್ದೆ ನಟಿಸುವ ಗಂಡಸನ್ನು ಬರೀ ಕಣ್ಣಲ್ಲಿ ಎಬ್ಬಿಸಿ ಮುದುಕಿಗೆ ಸೀಟು ಕೊಡಿಸುವ ಹೆಂಗಸು ಅವಳು. ಅಂಥವಳ ಬಾಯಿಯನ್ನೂ ಮುಚ್ಚಿಸಬಲ್ಲ ಜೀವ ಈ ಭೂಮಿಯ ಮೇಲೆ ಒಂದೇ ಒಂದು ಇತ್ತು, ಅವಳ ಅಮ್ಮ. ಈಗ ನೋಡಿದರೆ ಆ ಅಮ್ಮ ತನ್ನ ಬಾಯಿಯನ್ನೇ ಮುಚ್ಚಿಕೊಂಡು ಕೂತಿದ್ದಳು.

ಲಕ್ವ ಹೊಡೆದು ಅಮ್ಮನ ಬಲಗೈ ಬಿದ್ದುಹೋಗಿತ್ತು. ಮಾತು ಮಾತ್ರ ಹೋಗಿರಲಿಲ್ಲ. ನಾಲಿಗೆ ಮೊದಲಿಗಿಂತ ಒಂದು ಕೈ ಹೆಚ್ಚೇ ಹರಿತವಾಗಿತ್ತು. ತಮ್ಮನ ಹೆಂಡತಿ ಪಾಪ, ದಿನಾ ಪಕ್ಕದಲ್ಲಿ ಕೂತು ಮಗುವಿಗೆ ಕೊಟ್ಟ ಹಾಗೆ ತುತ್ತು ಕೊಡುತ್ತಿದ್ದಳು. ಕೆಲವು ದಿನ ಅಮ್ಮ ತಿಂದಳು. ಒಂದು ದಿನ ತುಟಿ ಬಿಗಿದಳು. "ನಾನೇನು ಹಕ್ಕಿಮರಿಯಾ, ಬಾಯಿ ಕಳ್ಕೊಂಡು ಕೂರೋಕೆ? ನನ್ನ ಕೈಯಲ್ಲಿ ತಿಂದ್ರೆ ತಿಂತೀನಿ. ಇಲ್ಲ ಅಂದ್ರೆ ಇಲ್ಲ" ಎಂದಳು. ಅಷ್ಟೇ, ಮುಗಿಯಿತು.

ಎಡಗೈಯಲ್ಲಿ ಚಮಚ ಹಿಡಿಯುವುದು ಅವಳಿಗೆ ಹೇಗೋ ಬಂತು. ಆದರೆ ಸ್ಟೀಲ್ ತಟ್ಟೆ ಮಾತು ಕೇಳಬೇಕಲ್ಲ! ಚಮಚ ತಾಗಿದರೆ ತಟ್ಟೆ ಟೇಬಲ್ಲಿನ ಆ ತುದಿಗೆ ಓಡುತ್ತಿತ್ತು. ತಟ್ಟೆ ನಿಂತರೆ ಅನ್ನ ಅಂಚು ದಾಟಿ ಮಡಿಲಿಗೆ ಬೀಳುತ್ತಿತ್ತು. ಯಾರಾದರೂ ತಟ್ಟೆ ಹಿಡಿಯಲು ಬಂದರೆ ಅಮ್ಮ ಚಮಚ ಕೆಳಗಿಟ್ಟು ಗೋಡೆ ನೋಡುತ್ತಿದ್ದಳು. ತೆಳ್ಳಗೆ ಮಾಡಿ ಕುಡಿಸೋಣವೆಂದರೆ ನೆತ್ತಿಗೇರಿ ಉಸಿರು ಕಟ್ಟುತ್ತಿತ್ತು. ಡಾಕ್ಟರು ಬಂದು ನೋಡಿ, "ಶನಿವಾರ ನರ್ಸಮ್ಮನ್ನ ಕಳಿಸ್ತೀನಿ. ಅಷ್ಟರೊಳಗೆ ಇವರು ಊಟ ಮಾಡದಿದ್ರೆ ಮೂಗಿಂದ ಹೊಟ್ಟೆಗೆ ನಳಿಗೆ ಇಳಿಸಲೇಬೇಕು. ಇವರು ಅದನ್ನ ಕಿತ್ತುಹಾಕೋರ ಥರ ಕಾಣ್ತಾರೆ. ಹಾಗೇನಾದ್ರೂ ಮಾಡಿದ್ರೆ ಆ ಎಡಗೈ ಮಂಚಕ್ಕೆ ಕಟ್ಟಬೇಕಾಗುತ್ತೆ" ಎಂದು ಹೇಳಿ ಹೋದರು.

ಉಳಿದಿರುವುದೇ ಒಂದು ಕೈ. ಅದನ್ನೂ ಕಟ್ಟುತ್ತಾರಂತೆ.

ಬಸ್ ಡಿಪೋದ ಹಿಂದಿನ ಓಣಿಯಲ್ಲಿ ಮರದ ತುಂಡನ್ನು ಲೇತ್ ಯಂತ್ರದಲ್ಲಿ ಗಿರಗಿರ ತಿರುಗಿಸಿ ಬಟ್ಟಲು ಕಡೆಯುವ ಮೇಸ್ತ್ರಿಯ ಅಂಗಡಿ ಇತ್ತು. ಬೆಳಕಿಗೆ ಹಿಡಿದರೆ ಆಚೆಯ ಬೆರಳು ನೆರಳಾಗಿ ಕಾಣುವಷ್ಟು ತೆಳುವಾಗಿ ಕಡೆಯುವುದು ಅವನ ಹೆಮ್ಮೆ. ಮರವಾದರೆ ಜಾರಲಾರದು ಎಂದುಕೊಂಡು ಕಂಡಕ್ಟರಮ್ಮ ಬೆಳಗಿನ ಪಾಳಿ ಮುಗಿಸಿ ಹೋಗಿ ಅಂಥದ್ದೊಂದನ್ನು ತಂದಳು. ಮೊದಲ ಚಮಚಕ್ಕೇ ಅದು ಮಗುಚಿಕೊಂಡಿತು. ಅಮ್ಮ ಮಡಿಲಿನ ಅನ್ನ ನೋಡಿ, "ಚೆನ್ನಾಗಿದೆ. ಇದರಲ್ಲಿ ಗುಂಡುಸೂಜಿ ಹಾಕಿಡು" ಎಂದಳು.

ಮರುದಿನ, ಬುಧವಾರ, ಕಂಡಕ್ಟರಮ್ಮ ಮತ್ತೆ ಅಂಗಡಿಯಲ್ಲಿ ಹಾಜರು.

"ನಮ್ಮಮ್ಮ ಒಂದೇ ಕೈಯಲ್ಲಿ ಉಣ್ಬೇಕು, ಅದಕ್ಕೆ ಭಾರ ಇರ್ಬೇಕು ಮೇಸ್ತ್ರಿ. ಅಡಿ ದಪ್ಪ, ಗೋಡೆ ದಪ್ಪ. ಮೇಲಿನ ಅಂಚು ಒಳಗಡೆ ಬಾಗಿರ್ಬೇಕು, ಚಮಚ ತಳ್ಳಿದ್ರೆ ಅನ್ನ ಗೋಡೆಗೆ ಒತ್ತಿ ಚಮಚದೊಳಕ್ಕೇ ಬೀಳೋ ಹಾಗೆ."

"ನೀವು ಹೇಳ್ತಿರೋದು ಬಟ್ಟಲಲ್ಲ ಕಂಡಕ್ಟರಮ್ಮ, ಒರಳು. ಅಂಥದ್ದು ನನ್ನ ಅಂಗಡಿಯಿಂದ ಆಚೆ ಹೋದ್ರೆ ಮೇಸ್ತ್ರಿಗೆ ಕಣ್ಣು ಹೋಯ್ತು ಅಂತಾರೆ ಜನ."

"ಅನ್ಲಿ ಬಿಡಿ."

"ಬಿಡಿ ಅನ್ನೋದು ಸುಲಭ, ಹೋಗೋ ಮಾನ ನಿಮ್ಮದಲ್ಲವಲ್ಲ. ಅಷ್ಟು ಬೇಕಿದ್ರೆ ನೀವೇ ಕಡ್ಕೊಳ್ಳಿ."

ಮೇಸ್ತ್ರಿ ಆ ಮಾತು ಆಡಿದ್ದು ಅವಳನ್ನು ಸಾಗಹಾಕುವುದಕ್ಕೆ. ಬೇರೆ ಯಾರಾದರೂ ಆಗಿದ್ದರೆ ಮುಖ ಊದಿಸಿಕೊಂಡು ಹೊರಟುಹೋಗುತ್ತಿದ್ದರು. ಕಂಡಕ್ಟರಮ್ಮ ಹೆಗಲಿನ ಚೀಲವನ್ನು ಗೋಡೆಯ ಮೊಳೆಗೆ ತೂಗುಹಾಕಿದಳು, ಕೊರಳಲ್ಲಿದ್ದ ಸೀಟಿ ತೆಗೆದು ಅದರೊಳಗಿಟ್ಟಳು, ತೋಳು ಮಡಿಸಿದಳು, ಕೂದಲನ್ನು ಬಿಗಿಯಾಗಿ ಗಂಟು ಹಾಕಿದಳು.

"ಎಲ್ಲಿ ನಿಲ್ಲಬೇಕು?"

"ಏನು?"

"ನೀವೇ ಕಡ್ಕೊಳ್ಳಿ ಅಂದ್ರಲ್ಲ. ಎಲ್ಲಿ ನಿಲ್ಲಬೇಕು, ತೋರಿಸಿ."

ಆಡಿದ ಮಾತನ್ನು ನುಂಗುವ ಜಾತಿ ಮೇಸ್ತ್ರಿಯೂ ಅಲ್ಲ. "ಒರಳಲ್ಲಿ ತಲೆ ಇಡ್ತಿದ್ದೀರಿ" ಎಂದ.

"ಇಟ್ಟಾಯ್ತು. ಇನ್ನು ಒನಕೆ ಪೆಟ್ಟಿಗೆ ಹೆದರಿದ್ರೆ ಆಗುತ್ತಾ?"

ಒಣಗಿದ ಮರವೆಲ್ಲ ಬೇರೆಯವರ ಆರ್ಡರಿಗೆ ಹೋಗುವಂಥದ್ದು. ಮೇಸ್ತ್ರಿ ಮೂಲೆಯಿಂದ ಈಚೆಗೆ ಕಡಿದ ಒಂದು ಮರದ ತುಂಡನ್ನು ಉರುಳಿಸಿಕೊಂಡು ಬಂದ. "ಹಸಿ ಮರ. ಒಣಗೋಕೆ ತಿಂಗಳುಗಟ್ಟಲೆ ಬೇಕು. ಹಸಿಯಲ್ಲೇ ಕಡೆದ್ರೆ ಆಮೇಲೆ ಸೊಟ್ಟ ತಿರುಗುತ್ತೆ. ನನ್ನ ಬೈಬೇಡಿ."

"ತಿಂಗಳು ನನ್ನ ಹತ್ರ ಇಲ್ಲ ಮೇಸ್ತ್ರಿ. ಇರೋದು ಶನಿವಾರದವರೆಗೆ ಮಾತ್ರ."

"ಇನ್ನೊಂದು ಮಾತು." ಅವನು ಮೂಲೆಯ ಕಬ್ಬಿಣದ ಒಲೆ ತೋರಿಸಿದ. ಅದರ ಮೇಲೆ ಅಂಟಿನ ಡಬ್ಬಿ ಕಾಯುತ್ತಿತ್ತು. "ಇಲ್ಲಿ ಕಲಿಯೋರ ಮೊದಲ ಬಟ್ಟಲು ಆ ಒಲೆಗೆ. ನನ್ನದೂ ಹೋಗಿದೆ, ನಮ್ಮಪ್ಪಂದೂ ಹೋಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಮೊದಲನೇದನ್ನ ಇಟ್ಕೊಂಡೋರು ಅದರ ತಪ್ಪನ್ನೇ ಮುದ್ದು ಮಾಡ್ತಾ ಕೂತುಬಿಡ್ತಾರೆ."

"ಒಲೆ ವಿಷಯ ಆಮೇಲೆ. ಮೊದಲು ಮೋಟರ್ ಹಾಕಿ."

ತುಂಡಿನ ಬೆನ್ನಿಗೆ ಕಬ್ಬಿಣದ ತಟ್ಟೆ ಸ್ಕ್ರೂ ಮಾಡಿ ಮೇಸ್ತ್ರಿ ಅದನ್ನು ಲೇತಿಗೆ ಏರಿಸಿದ. ಹೇಗೆ ನಿಲ್ಲಬೇಕು ಎಂದು ಹೇಳಲು ತಿರುಗಿದರೆ ಅವಳು ಆಗಲೇ ನಿಂತಿದ್ದಳು, ಕಾಲು ಅಗಲಿಸಿ, ಮಂಡಿ ಸಡಿಲ ಬಿಟ್ಟು, ಭಾರವನ್ನೆಲ್ಲ ಸೊಂಟಕ್ಕೆ ಕೊಟ್ಟು. ತಿರುವಿನಲ್ಲಿ ಬಸ್ಸಿನೊಳಗೆ ನಿಂತವಳಿಗೆ ಅದನ್ನು ಯಾರು ಕಲಿಸಬೇಕು? "ನಿಲ್ಲೋದು ಬರುತ್ತೆ ನಿಮಗೆ" ಎಂದು ಅವನು ಒಪ್ಪಿಕೊಂಡ. ಅವಳಿಗೆ ಬರುತ್ತಿದ್ದದ್ದು ಅದೊಂದೇ.

"ಉಳಿಯ ಬೆನ್ನು ಮೊದಲು ಮರಕ್ಕೆ ತಾಗಿಸಿ. ಸವರ್ತಾ ಸವರ್ತಾ ನಿಧಾನ ಹರಿತದ ಬಾಯಿ ಕೊಡಿ. ಬೆನ್ನು ಮೊದಲು, ಬಾಯಿ ಆಮೇಲೆ."

ಹುಟ್ಟಿದಾಗಿನಿಂದ ಬಾಯಿಯನ್ನೇ ಮುಂದೆ ಮಾಡಿಕೊಂಡು ಬಂದವಳಿಗೆ ಈ ಪಾಠ! ಮೊದಲ ಸಲವೇ ಉಳಿಯ ಬಾಯಿ ಮರಕ್ಕೆ ಕಚ್ಚಿ, ಢಬ್ ಎಂದು ಸದ್ದಾಗಿ, ಮೊಣಕೈವರೆಗೆ ಜೋಮು ಹಿಡಿಯಿತು. ಎರಡನೆಯ ಸಲವೂ ಅದೇ. ಹಸಿ ಮರ ಸುಮ್ಮನಿರಲಿಲ್ಲ, ಸುತ್ತುತ್ತಾ ಸುತ್ತುತ್ತಾ ಅವಳ ಮುಖಕ್ಕೆ ನೀರು ಚಿಮ್ಮಿಸುತ್ತಿತ್ತು. ಒಂದು ಮರದ ತುಂಡು ತನ್ನ ಮೇಲೆ ಉಗುಳುತ್ತಿದೆ ಎಂದು ಅವಳಿಗೆ ನಿಜಕ್ಕೂ ಸಿಟ್ಟು ಬಂತು.

"ಈ ಉಳಿ ಸರಿ ಇಲ್ಲ ಮೇಸ್ತ್ರಿ."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ."

ಅವಳು ಮತ್ತೆ ಉಳಿ ಊರಿದಳು. ಸಂಜೆ ಹೊತ್ತಿಗೆ ಹೊರಮೈಯಿಂದ ಉದ್ದನೆಯ ಸಿಪ್ಪೆ ಸುರುಳಿಯಾಗಿ ಎದ್ದು ಅವಳ ತೋಳಿನ ಮೇಲೆ ಬೀಳತೊಡಗಿತ್ತು.

ಮನೆಯಲ್ಲಿ ತಮ್ಮ ಬಾಗಿಲಲ್ಲೇ ಕಾದಿದ್ದ. "ಅಕ್ಕ, ತಲೆ ಕೆಟ್ಟಿದೆಯಾ ನಿನಗೆ? ಅಮ್ಮ ಇಲ್ಲಿ ಉಪವಾಸ ಬಿದ್ದಿದ್ದಾಳೆ, ನೀನು ಅಲ್ಲಿ ಮರ ಕೆರೀತಾ ನಿಂತಿದ್ದೀಯಂತೆ. ನೀನಾದ್ರೂ ಗದರಿಸಿ ಎರಡು ತುತ್ತು ಹಾಕಬಾರದಾ?"

"ನಿನಗೆ ಯಾರಾದ್ರೂ ಗದರಿಸಿ ಹಾಕಿದ್ರೆ ತಿಂತೀಯೇನೋ?"

ಅವನ ಹೆಂಡತಿ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. "ನನ್ನ ಕೈತುತ್ತಿನಲ್ಲಿ ಏನು ಕಮ್ಮಿ ಆಯ್ತು, ಹೇಳಿ ಅತ್ತಿಗೆ."

ಕಂಡಕ್ಟರಮ್ಮ ಅವಳ ಬೆನ್ನ ಮೇಲೆ ಕೈ ಇಟ್ಟಳು. "ನಿನ್ನ ಕೈಯಲ್ಲಿ ಏನೂ ಕಮ್ಮಿ ಇಲ್ಲ ಕಣೆ. ಆದ್ರೆ ಅದು ನಿನ್ನ ಕೈ."

ಅಮ್ಮ ಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಅದನ್ನು ನೋಡಿ ಕಂಡಕ್ಟರಮ್ಮನಿಗೆ ಭಯವಾಯಿತು, ಬರೀ ಭಯ. ನನ್ನ ಹಟದಲ್ಲಿ ಅಮ್ಮನನ್ನು ಕೊಲ್ಲುತ್ತಿದ್ದೇನೆಯೇ? ನಾಳೆಯಿಂದ ಅಂಗಡಿಗೆ ಹೋಗುವುದನ್ನೇ ಬಿಟ್ಟುಬಿಡಲೇ? ಅಷ್ಟರಲ್ಲಿ ಅಮ್ಮ ತಿರುಗದೆಯೇ, "ಏ ಹುಡುಗಿ, ತಲೆಯಲ್ಲಿ ಅದೇನದು ಮರದ ಸಿಪ್ಪೆ? ಬಾಚ್ಕೋ" ಎಂದಳು. ಬಾಗಿಲಲ್ಲಿ ಬರುವಾಗಲೇ ನೋಡಿದ್ದಾಳೆ ಹಾಗಾದರೆ. ಅವಳಿಗೆ ಅಷ್ಟು ಸಾಕಾಯಿತು.

ಗುರುವಾರ ಒಳಗಡೆ ತೋಡುವ ಕೆಲಸ. ಅಂಚನ್ನು ಒಳಕ್ಕೆ ಬಾಗಿಸುವುದು ಕಲಿಯುವವರ ಕೆಲಸವೇ ಅಲ್ಲ ಎಂದು ಮೇಸ್ತ್ರಿ ಮೂರು ಸಲ ಹೇಳಿದ. ಅಂಚಿನ ಕೆಳಗೆ ಹೊಕ್ಕ ಉಳಿ ಕಣ್ಣಿಗೆ ಕಾಣುವುದಿಲ್ಲ, ಸದ್ದು ಕೇಳಿಯೇ ತಿಳಿಯಬೇಕು. ಸರಸರ ಎಂದರೆ ಸರಿ, ಕರ್ರ್ ಎಂದರೆ ಕೈ ಹಿಂದಕ್ಕೆ. ಅವಳು ಬಸ್ಸಿನ ಇಂಜಿನ್ ಸದ್ದು ಕೇಳಿದ ಹಾಗೆ ಕಿವಿಗೊಟ್ಟು ಕಡೆದಳು. ಆದರೂ ಒಮ್ಮೆ ಉಳಿ ಕಚ್ಚಿ, ಗೋಡೆಯ ಒಳಮೈಯಲ್ಲಿ ಸುತ್ತಲೂ ಒಂದು ಗೀರು ಬಿದ್ದೇಬಿಟ್ಟಿತು.

"ಅಡಿಯ ದಪ್ಪ ಇನ್ನೂ ಇಳಿಸಿ" ಎಂದ ಮೇಸ್ತ್ರಿ. "ಬಾಗಿಲಿಗೆ ಅಡ್ಡ ಇಡೋ ಕಲ್ಲಿನ ಹಾಗಿದೆ."

"ಇಳಿಸಲ್ಲ."

"ತೂತು ಬೀಳುತ್ತೆ ಅಂತ ಹೆದರಿಕೆ ನಿಮಗೆ."

"ಹೆದರಿಕೆಯೂ ಇದೆ. ಆದ್ರೂ ಇಳಿಸಲ್ಲ."

ಶುಕ್ರವಾರ ಮಧ್ಯಾಹ್ನ ಹೋಗಿ ನೋಡಿದರೆ ಬಟ್ಟಲು ರಾತ್ರೋರಾತ್ರಿ ಸೊಟ್ಟ ತಿರುಗಿತ್ತು. ಗುಂಡಗಿದ್ದ ಬಾಯಿ ಮೊಟ್ಟೆಯಾಕಾರಕ್ಕೆ ಬಂದಿತ್ತು. ಅಡಿ ಉಬ್ಬಿ, ಮೇಜಿನ ಮೇಲಿಟ್ಟರೆ ತೊಟ್ಟಿಲ ಹಾಗೆ ತೂಗುತ್ತಿತ್ತು. ಮೇಸ್ತ್ರಿ ನಗಲಿಲ್ಲ. ಒಲೆಯ ಬಾಗಿಲು ತೆರೆದು ಕೈ ಚಾಚಿದ. "ಕೊಡಿ. ಇನ್ನೊಂದು ತುಂಡು ಏರಿಸ್ತೀನಿ, ಎರಡನೇದು ನೆಟ್ಟಗೆ ಬರುತ್ತೆ."

"ಶನಿವಾರ ನಾಳೆ ಮೇಸ್ತ್ರಿ."

"ಕಟ್ಟಳೆ ಅಂದ್ರೆ ಕಟ್ಟಳೆ ಕಣಮ್ಮ. ನಮ್ಮಪ್ಪಂದೂ ಹೋಗಿದೆ ಇದರೊಳಗೆ."

"ನಿಮ್ಮಪ್ಪ ಯಾರ ಊಟಕ್ಕೆ ಅಂತ ಕಡೆದಿದ್ರು?"

ಕಂಡಕ್ಟರಮ್ಮ ಬಟ್ಟಲನ್ನು ಕಂಕುಳಲ್ಲಿ ಒತ್ತಿಕೊಂಡು ಹೊರಗೆ ಬಂದು, ಅಂಗಡಿಯ ಸಿಮೆಂಟ್ ಮೆಟ್ಟಿಲ ಮೇಲೆ ಕೂತು, ಅದರ ಅಡಿಯನ್ನು ಮೆಟ್ಟಿಲಿಗೆ ಉಜ್ಜತೊಡಗಿದಳು. ದಾರಿಹೋಕರು ನಿಂತು ನೋಡಿದರು. ಅವಳ ರೂಟಿನ ಪ್ರಯಾಣಿಕನೊಬ್ಬ, "ಏನು ಕಂಡಕ್ಟರಮ್ಮ, ಕೆಲಸ ಬದಲಾಯ್ತಾ?" ಎಂದ. "ಮುಂದೆ ಹೋಗಿ, ಮುಂದೆ ಹೋಗಿ, ದಾರಿ ಬಿಡಿ" ಎಂದಳು, ತಲೆ ಎತ್ತದೆ. ಬಟ್ಟಲು ಅಲುಗದೆ ಕೂರುವ ತನಕ ಉಜ್ಜಿ, ಮನೆಗೆ ಹೋಗಿ ಅಡುಗೆ ಎಣ್ಣೆ ಸವರಿದಳು.

ಶನಿವಾರ ನರ್ಸಮ್ಮ ಚೀಲ ಹಿಡಿದುಕೊಂಡು ಬಂದಳು. ನಳಿಗೆಯ ಪೊಟ್ಟಣವನ್ನು ಮೇಜಿನ ತುದಿಗಿಟ್ಟಳು. ಅದರ ಪಕ್ಕಕ್ಕೇ ಕಂಡಕ್ಟರಮ್ಮ ಬಟ್ಟಲನ್ನು ಧಡ್ ಎಂದು ಇಟ್ಟಳು. ಒಳಗೆ ಮೆತ್ತಗೆ ಬೆಂದ ಅನ್ನ. ಅಮ್ಮನ ಕೈಗೆ ಚಮಚ ಕೊಟ್ಟು, ತಾನು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಗೋಡೆಗೆ ಒರಗಿ ನಿಂತಳು. ತಮ್ಮನ ಹೆಂಡತಿ ಮುಂದಕ್ಕೆ ಬಾಗಿದಾಗ ಅವಳ ತೋಳು ಹಿಡಿದು ನಿಲ್ಲಿಸಿದಳು.

ಅಮ್ಮ ಬಟ್ಟಲನ್ನು ಮೊದಲು ಚಮಚದಿಂದ ತಳ್ಳಿ ನೋಡಿದಳು. ಅದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಆಮೇಲೆ ಅನ್ನದೊಳಕ್ಕೆ ಚಮಚ ಇಳಿಸಿ ತಳ್ಳಿದಳು. ಅನ್ನ ಗೋಡೆಯವರೆಗೆ ಹೋಗಿ, ಬಾಗಿದ ಅಂಚಿಗೆ ತಾಗಿ, ಬೇರೆ ದಾರಿಯಿಲ್ಲದೆ ಚಮಚದೊಳಕ್ಕೆ ಬಿತ್ತು. ಚಮಚ ವಾಲುತ್ತಾ ವಾಲುತ್ತಾ ಮೇಲೆ ಬಂತು. ಅರ್ಧ ಗಲ್ಲಕ್ಕೆ, ಅರ್ಧ ಬಾಯಿಗೆ. ಅಮ್ಮ ಅಗಿದಳು.

ಅದು ಬೇಗ ಮುಗಿಯುವ ಊಟವಲ್ಲ. ನರ್ಸಮ್ಮ ಗಡಿಯಾರ ನೋಡಿದಳು, ಇನ್ನೂ ಎರಡು ಮನೆಗೆ ಹೋಗಬೇಕಿತ್ತು ಅವಳಿಗೆ.

"ಅವಸರ ಇರೋರು ಹೋಗ್ಬಹುದು" ಎಂದಳು ಅಮ್ಮ, ತುಂಬಿದ ಬಾಯಲ್ಲಿ.

ನರ್ಸಮ್ಮ ಹೋಗಲಿಲ್ಲ. ಕೊನೆಯವರೆಗೂ ಕೂತು ನೋಡಿ, ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡಳು. ತಮ್ಮ ಮೂಗು ಸೀಟುವ ನೆಪದಲ್ಲಿ ಹಿತ್ತಲಿಗೆ ಹೋದ. "ಅತ್ತೆ, ಸಾಕಾ?" ಎಂದಳು ಅವನ ಹೆಂಡತಿ.

"ಸಾಕೋ ಬೇಕೋ, ನನ್ನ ಕೈ ಹೇಳುತ್ತೆ." ಅಮ್ಮ ಬಟ್ಟಲಿನ ಒಳಗೋಡೆಗೆ ಬೆರಳಾಡಿಸಿದಳು. ಗೀರಿನಲ್ಲಿ ಸಿಕ್ಕಿಕೊಂಡಿದ್ದ ಅಗುಳನ್ನು ಕೆದಕಿ ಬಾಯಿಗೆ ಹಾಕಿಕೊಂಡಳು. "ಇಲ್ಲೊಂದು ಗೀರಿದೆ."

"ಉಳಿ ಕಚ್ಚಿತು ಅಮ್ಮ." ಕಂಡಕ್ಟರಮ್ಮ ಮೇಜಿನ ಮೇಲೆ ಬಿದ್ದ ಅಗುಳು ಒರೆಸಿದಳು. "ಮೊದಲನೇದು ಒಲೆಗೆ ಹಾಕಬೇಕಂತೆ. ಅಂಗಡಿಯ ಕಟ್ಟಳೆಯಂತೆ, ಮೇಸ್ತ್ರಿ ಕೇಳ್ತಿದ್ದಾನೆ."

ಅಮ್ಮ ಚಮಚ ಕೆಳಗಿಟ್ಟು, ಇದ್ದ ಒಂದು ಕೈಯನ್ನು ಬಟ್ಟಲಿನ ಮೇಲೆ ಅಗಲವಾಗಿ ಊರಿದಳು.

"ಮೊದಲು ನನ್ನ ಹಾಕ್ಲಿ. ಆಮೇಲೆ ಇದನ್ನ ಹಾಕೋದು ನೋಡೋಣ ಅನ್ನು."

ಸೋಮವಾರ ಪಾಳಿ ಮುಗಿಸಿ ಕಂಡಕ್ಟರಮ್ಮ ಬರಿಗೈಯಲ್ಲಿ ಅಂಗಡಿಗೆ ಹೋಗಿ, ಆ ಮಾತನ್ನು ಒಂದಕ್ಷರ ಬಿಡದೆ ಮೇಸ್ತ್ರಿಗೆ ಒಪ್ಪಿಸಿದಳು. ಮೇಸ್ತ್ರಿ ಒಲೆಯ ಬಾಗಿಲನ್ನು ಕಾಲಿನಿಂದ ಮುಚ್ಚಿ, ಹೊಸ ತುಂಡೊಂದನ್ನು ಲೇತಿನ ಬಳಿಗೆ ಎಳೆದುಕೊಳ್ಳುತ್ತಾ, "ಅಡಿ ಎಷ್ಟು ದಪ್ಪ ಬಿಟ್ಟಿದ್ರಿ?" ಎಂದು ಕೇಳಿದ.