ಹೋಲಿಕೆ ಅಳಿಸಿದ ಕಥೆ

ನನ್ನ ಅತ್ತೆ ಇವತ್ತಿನವರೆಗೆ ನನ್ನನ್ನು ಬೈದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೊನ್ನಾಳಿಯ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ, ಅದು ನಿಜವೂ ಹೌದು. ನನಗೆ ಟೈಫಾಯ್ಡ್ ಬಂದಾಗ ಗಂಜಿ ಕಾಯಿಸಿ ಕುಡಿಸಿದವರು ಅವರು. ಹಬ್ಬಕ್ಕೆ ಸೀರೆ ತಂದರೆ ಮೊದಲು ಆರಿಸಿಕೊಳ್ಳುವ ಸರದಿ ನನ್ನದು. ಅವರಿಗಿದ್ದದ್ದು ಒಂದೇ ಅಭ್ಯಾಸ, ಹೋಲಿಸುವುದು.

ನಾನು ಜಗಳೂರಿನ ಕಡೆಯವಳು. ಅಲ್ಲಿ ಮಳೆ ಬಂದರೆ ಮೆಕ್ಕೆಜೋಳ, ಶೇಂಗಾ, ಬಾರದಿದ್ದರೆ ಕುರಿ. ಅತ್ತೆಯದು ಭದ್ರಾ ಚಾನಲ್ಲಿನ ನೀರುಂಡ ಗದ್ದೆಗಳ ಮನೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ತಟ್ಟಿದ ರೊಟ್ಟಿಯ ಅಂಚು ಸೀಳಿತ್ತು. ಅತ್ತೆ ಅದನ್ನೆತ್ತಿ ಬೆಳಕಿಗೆ ಹಿಡಿದು, "ನಿಮ್ಮೂರ ಹೊಲ ಇದ್ದಂಗೈತೆ ನೋಡು, ಬಾಯಿ ಬಿಟ್ಕಂಡು" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾತು ಚೆನ್ನಾಗಿಯೇ ಇತ್ತಲ್ಲ. ಮಗಳು ಹುಟ್ಟಿದಾಗ ತೊಟ್ಟಿಲೊಳಗೆ ಬಗ್ಗಿ, "ಒಣ ಬೇಸಾಯದಾಗೂ ಒಂದು ಬೆಳೆ ಬಂತಲ್ಲವ್ವಾ!" ಎಂದರು. ತಮ್ಮ ಮಗ ಮಾತ್ರ ಅವರ ಬಾಯಲ್ಲಿ ಗೇಟ್ ಎತ್ತಿದ ಚಾನಲ್; ಚನ್ನಗಿರಿಗೆ ಕೊಟ್ಟ ಮಗಳು ತೆನೆ ತುಂಬಿದ ಗದ್ದೆ.

ಕಾನ್ವೆಂಟಿನಲ್ಲಿ ನಮಗೆ ಪಾಠ ಮಾಡುತ್ತಿದ್ದ ಸಿಸ್ಟರ್ ಒಬ್ಬರು ಸಣ್ಣಕಥೆ ಓದಿಸುವಾಗ, ಪಾತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ಬರೆಯಲು ಬಿಡುತ್ತಿರಲಿಲ್ಲ. ಆ ಪಾತ್ರ ಬೇರೆಯವರನ್ನು ಯಾವುದಕ್ಕೆ ಹೋಲಿಸುತ್ತದೆ, ಆ ಹೋಲಿಕೆಯನ್ನು ಎಲ್ಲಿಂದ ತರುತ್ತದೆ, ಅದನ್ನು ಹುಡುಕಿ ಎನ್ನುತ್ತಿದ್ದರು. ಗರ್ವ ಇರುವವರು ತಮ್ಮನ್ನು ಹೊಗಳಿಕೊಳ್ಳುವುದು ಕಡಿಮೆ. ತಮ್ಮ ಅಂಗಳದ ವಸ್ತುವನ್ನು ಕೈಯಲ್ಲಿ ಹಿಡಿದು ಲೋಕವನ್ನೆಲ್ಲ ಅದರ ಪಕ್ಕ ನಿಲ್ಲಿಸುತ್ತಾರೆ, ಅಷ್ಟೆ. ಪರೀಕ್ಷೆಗೆಂದು ಕಲಿತದ್ದು ನನಗೆ ಅರ್ಥವಾದದ್ದು ಈ ಮನೆಯ ಅಡುಗೆಮನೆಯಲ್ಲಿ.

ಅಪ್ಪ ಮೊಮ್ಮಗಳನ್ನು ನೋಡಲು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಬಸ್ಸು ಬದಲಿಸಿ ಬದಲಿಸಿ, ಹೆಗಲ ಮೇಲೆ ಶೇಂಗಾ ಚೀಲ ಹೊತ್ತು ಬಂದಿದ್ದರು. ಕಾಲಿನ ಧೂಳು ತೊಳೆಯದೆ ಒಳಗೆ ಹೇಗೆ ಬರುವುದೆಂದು ಹೊಸ್ತಿಲಾಚೆ ನಿಂತು ಅತ್ತಿತ್ತ ನೋಡುತ್ತಿದ್ದರು. ಅತ್ತೆ ನಡುಮನೆಯಿಂದಲೇ ಕೂಗಿದರು. "ಮೋಡ ನೋಡ್ಕಂಡು ನಿಂತೋರಂಗೆ ನಿಂತೀರಲ್ಲ! ಇಲ್ಲಿ ನೀರಿಗೇನು ಬರ ಇಲ್ಲ, ಒಳಗೆ ಬರ್ರೀ ಬೀಗರೇ."

ಅಪ್ಪ ನಕ್ಕರು. ಆದರೆ ನಗುವ ಮೊದಲು ಅವರ ಮುಷ್ಟಿ ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದದ್ದನ್ನು ನಾನು ನೋಡಿದೆ. ಊಟದ ನಡುವೆ ಲೋಟ ಖಾಲಿಯಾದರೂ ಅವರು ಮತ್ತೆ ನೀರು ಕೇಳಲಿಲ್ಲ. ಉಳಿಯಲೆಂದು ಬಂದವರು ಸಂಜೆಯ ಬಸ್ಸಿಗೇ ಹೊರಟರು. ಅಲ್ಲಿಂದಾಚೆಗೆ ಹೊನ್ನಾಳಿಗೆ ಬಂದರೆ ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿ ನನ್ನನ್ನೂ ಮಗಳನ್ನೂ ಅಲ್ಲಿಗೇ ಕರೆಸಿಕೊಳ್ಳುತ್ತಾರೆ. ಕಲ್ಲುಬೆಂಚಿನ ಮೇಲೆ ಕೂತು ಬಾಳೆಹಣ್ಣು ಸುಲಿದುಕೊಟ್ಟು ಹೋಗುತ್ತಾರೆ. 

ಆ ಮಾತು ನನಗೂ ಚುಚ್ಚಿತ್ತು ಎಂಬುದನ್ನು ಅಪ್ಪನಿಗೆ ತಿಳಿಸಬೇಕಿತ್ತು. ಎದುರು ಕೂತು ಹೇಳಲು ನಾಲಿಗೆ ಏಳಲಿಲ್ಲ. ಅದಕ್ಕೇ ಕಥೆ ಬರೆದೆ.

ನ್ಯಾಮತಿಯಲ್ಲಿ ನಾವು ಕೆಲವು ಹೆಂಗಸರು ಸೇರಿ ಕಥೆ ಓದುವ ಬಳಗವಿದೆ. ಬರೆದದ್ದನ್ನು ಅಲ್ಲಿ ಗಟ್ಟಿಯಾಗಿ ಓದಿದೆ. ರೊಟ್ಟಿಯ ಮಾತಿಗೆ ನಕ್ಕವರು ಹೊಸ್ತಿಲ ಮಾತಿಗೆ ನೆಟ್ಟಗೆ ಕೂತರು. ಬಳಗ ನಡೆಸುವ ನಿವೃತ್ತ ಟೀಚರ್ ಕನ್ನಡಕ ತೆಗೆದು, "ಅತ್ತೆಗೆ ಸೊಕ್ಕು ಅಂತ ಒಂದು ಕಡೇನೂ ಬರ್ದಿಲ್ಲ ನೀನು. ಆದ್ರೂ ಎದ್ದು ಹೋಗಿ ಆಕಿ ಬಾಯಿ ಮುಚ್ಚಬೇಕು ಅನ್ನಿಸ್ತು ನೋಡವ್ವಾ" ಎಂದರು. ಬಳಗದ ಪುಸ್ತಕಕ್ಕೆ ಕಥೆ ಆಯ್ಕೆಯಾಯಿತು. ಆ ದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಾನೊಬ್ಬಳೇ ನಗುತ್ತಿದ್ದೆ.

ನಾನು ಮನೆ ಸೇರುವ ಮೊದಲೇ ಸುದ್ದಿ ಚನ್ನಗಿರಿ ತಲುಪಿತ್ತು. ಮರುದಿನವೇ ನಾದಿನಿಯ ಫೋನು. "ಏನ್ರೀ ಕಥೆಗಾರ್ತಿ, ನಮ್ಮವ್ವನ್ನ ಪುಸ್ತಕದಾಗೆ ಕುಂಡ್ರಿಸಿ ಮಾನ ಕಳೆಯಾಕೆ ಹೊಂಟೀರಂತೆ? ಗಂಜಿ ಕುಡಿಸಿದ್ದು ಮರ್ತೋತೇನು?"

"ಅದನ್ನೂ ಬರೆದಿದ್ದೇನೆ" ಎಂದೆ. ಅವರು ಫೋನಿಟ್ಟರು.

ನನ್ನ ಗಂಡ ಕೂಗಾಡುವವರಲ್ಲ. ಸಂಜೆ ನನ್ನ ಹಾಳೆಗಳನ್ನು ತೆಗೆದುಕೊಂಡು ಪೆನ್ಸಿಲ್ ಹಿಡಿದು ಕೂತರು. "ಕಥೆ ಮುಟ್ಟಂಗಿಲ್ಲ. ಅವ್ವನ್ನ ಗುರುತು ಹಿಡಿಯೋದು ಈ ಹೋಲಿಕೆಗಳಿಂದ ಅಲ್ವಾ, ಅವನ್ನಷ್ಟೇ ತೆಗಿಯೋಣ. ಒಗ್ಗರಣೆ ಇಲ್ದಿದ್ರೂ ಸಾರು ಸಾರೇ ತಾನೆ?"

"ಇದರಲ್ಲಿ ಇರೋದೇ ಅದು ಕಣ್ರೀ."

"ಅವ್ವಗೆ ವಯಸ್ಸಾಗೈತೆ. ಊರಾಗೆ ತಲೆ ಎತ್ತಿ ತಿರುಗಿದೋರು. ನಿಂಗೆ ಕೈ ಮುಗೀತೀನಿ."

ಅವರು ನಿಜಕ್ಕೂ ಕೈ ಮುಗಿದರು. ನಾನು ದೀಪ ಹಾಕಿ ಅವರ ಪಕ್ಕ ಕೂತೆ. ರೊಟ್ಟಿ ಹೋಯಿತು, ತೊಟ್ಟಿಲು ಹೋಯಿತು. ಹೊಸ್ತಿಲ ಸಾಲಿಗೆ ಬಂದಾಗ ಪೆನ್ಸಿಲ್ ಒಂದು ಗಳಿಗೆ ನಿಂತಿತು. ಆಮೇಲೆ ಮೋಡವನ್ನೂ ಬರವನ್ನೂ ನಿಧಾನವಾಗಿ, ನೀಟಾಗಿ ಹೊಡೆದುಹಾಕಿತು. "ಒಳಗೆ ಬರ್ರೀ ಬೀಗರೇ" ಎಂಬುದಷ್ಟೇ ಉಳಿಯಿತು.

ಉಳಿದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಗಂಜಿ ಕುಡಿಸುವ, ಸೀರೆ ಕೊಡಿಸುವ, ಬಾಗಿಲಲ್ಲಿ ನಿಂತವರನ್ನು ಒಳಗೆ ಕರೆಯುವ ಒಬ್ಬ ಹಿರಿಯ ಹೆಂಗಸು. ಅವಳ ಮುಂದೆ ಸಂಕೋಚದಿಂದ ನಿಂತ ಬಡ ಬೀಗ. ಅಮ್ಮನಂಥ ಅತ್ತೆಯ ಅಪರೂಪದ ಕಥೆಯೆಂದು ಪುಸ್ತಕ ಬಿಡುಗಡೆಗೆ ಬಂದ ಅತಿಥಿಗಳು ಮೆಚ್ಚಿದರು. ಟೀಚರ್ ಮಾತ್ರ ನನ್ನ ಕಡೆ ನೋಡಲಿಲ್ಲ. ಅತ್ತೆ ಪುಸ್ತಕವನ್ನು ಟಿವಿಯ ಪಕ್ಕ ಇಟ್ಟಿದ್ದಾರೆ. ಬಂದವರಿಗೆಲ್ಲ ಆ ಪುಟ ತೆಗೆದು ಕೊಡುತ್ತಾರೆ. "ನಮ್ಮ ನೀರು ಬಿದ್ದ ಮ್ಯಾಲೆ ಜಾಲಿಮುಳ್ಳೂ ಹೂ ಬಿಡ್ತೈತೆ" ಎಂದು ನನ್ನನ್ನು ತೋರಿಸುತ್ತಾರೆ.

ಒಂದು ಪ್ರತಿ ಜಗಳೂರಿಗೂ ಹೋಯಿತು. ನಾನು ಕಳಿಸಲಿಲ್ಲ, ಹೆಮ್ಮೆಯಿಂದ ಕಳಿಸಿದವರು ನನ್ನ ಗಂಡ.

ಅಪ್ಪನ ಫೋನು ಬಂದಾಗ ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. "ಓದ್ದೆ ತಾಯಿ. ಅವತ್ತು ಬೀಗ್ತಿ ಏನೋ ಒಂದು ಮಾತು ಅಂದ್ರು ಅಂತ ನಾನು ಇಷ್ಟು ವರ್ಷ ಮನಸ್ಸಿನಾಗೆ ಇಟ್ಕಂಡಿದ್ದೆ. ಮನೆ ಹೊಸ್ತಿಲೇ ತುಳೀಲಿಲ್ಲ. ಒಳಗೆ ಬರ್ರೀ ಅಂತ ಕರೆದೋರನ್ನ ತಪ್ಪು ತಿಳ್ಕಂಡ್ನಲ್ಲ, ಎಂಥ ಕೆಟ್ಟ ಕಿವಿ ನಂದು!"

"ನಿನ್ನ ಕಿವಿ ಸರಿ ಇದೆ ಅಪ್ಪ. ಅವರು ಅಂದಿದ್ದು ನಿಜ. ನಾನೂ ಕೇಳಿಸಿಕೊಂಡೆ."

"ಸುಮ್ನಿರವ್ವಾ, ನನ್ನ ಸಮಾಧಾನಕ್ಕೆ ಹೇಳಬ್ಯಾಡ. ನೀನೇ ಬರ್ದೀಯ, ಅಚ್ಚಾಗೇತಿ."

"ಅಪ್ಪ, ಅಲ್ಲಿ ಇನ್ನೂ ಒಂದು ಮಾತಿತ್ತು. ಅಳಿಸಿದರು."

"ಕಥೆ ಅಂದ ಮ್ಯಾಲೆ ಅದೆಲ್ಲ ಇರ್ತೈತೆ." ಅವರ ದನಿ ಹಗುರಾಗಿತ್ತು, ಅಷ್ಟು ಹಗುರಾದ ದನಿಯನ್ನು ನಾನು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಒಮ್ಮೆಯೂ ಕೇಳಿರಲಿಲ್ಲ. "ಸೋಮವಾರ ಮನೆಗೇ ಬರ್ತೀನಿ. ಬೀಗ್ತಿ ಮುಂದೆ ಕುಂತು, ತಪ್ಪಾತ್ರೀ ಅಂತ ಒಂದು ಮಾತು ಅಂದುಬಿಟ್ರೆ ಜೀವಕ್ಕೆ ಹಗುರ. ಬೆಳಿಗ್ಗೆ ಬಸ್ಸು ಎಷ್ಟೊತ್ತಿಗೈತೆ ನೋಡಿ ಹೇಳು."

ನಾನು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಬಸ್ಸಿನ ಹೊತ್ತು ಹೇಳಿದೆ.