ಪೈಲಟ್ ಹುಡುಗಿಯನ್ನು ನೋಡಲು ಬಂದವರು

ಹುಬ್ಬಳ್ಳಿ ಉಣಕಲ್ಲಿನ ಭಾಗ್ಯಶ್ರೀಗೆ ವಿಮಾನ ಹಾರಿಸಲು ಬರುತ್ತದೆ ಎಂಬುದನ್ನು ಸರಕಾರ ನಂಬಿ ಲೈಸೆನ್ಸ್ ಕೊಟ್ಟು ನಾಲ್ಕು ವರ್ಷವಾಗಿತ್ತು. ನಂಬದೆ ಉಳಿದವರೆಂದರೆ ಓಣಿಯವರು, ಬಂಧುಬಳಗ ಮತ್ತು ಕೆಲಸ ಕೊಡಬೇಕಾದ ಕಂಪನಿಗಳು. ಓಣಿಯವರದು ಬಿಡಿ, ಆಕಾಶಕ್ಕೆ ಏಣಿ ಹಾಕಿದವಳು ಎಂದು ಬೆನ್ನ ಹಿಂದೆ ನಗುವುದು ಅವರಿಗೆ ಪುಕ್ಕಟೆ ಮನರಂಜನೆ. ಆದರೆ ಕಂಪನಿಗಳು? ಅವು ಅನುಭವ ಎಷ್ಟು ಎಂದು ಕೇಳುತ್ತಿದ್ದವು. ಅನುಭವ ಬರಬೇಕಾದರೆ ಯಾರಾದರೂ ಒಬ್ಬರು ಹಾರಲು ಬಿಡಬೇಕಲ್ಲ! ನೀರಿಗೆ ಇಳಿಯದೆ ಈಜು ಕಲಿತು ಬಾ ಎನ್ನುವ ನ್ಯಾಯ ಇದು. ಅವಳು ವಿದ್ಯಾನಗರದ ಕೋಚಿಂಗ್ ಕ್ಲಾಸೊಂದರಲ್ಲಿ ಹುಡುಗರಿಗೆ ಫಿಜಿಕ್ಸ್ ಹೇಳಿಕೊಡುತ್ತಿದ್ದಳು. ಗೋಕುಲ ರಸ್ತೆಯ ನಿಲ್ದಾಣದ ಕಡೆಯಿಂದ ವಿಮಾನ ಮೇಲೆದ್ದ ಸದ್ದು ಕೇಳಿದರೆ ಪಾಠ ನಿಲ್ಲುತ್ತಿತ್ತು, ಸದ್ದು ಅಡಗಿದ ಮೇಲೆ ಮತ್ತೆ ಶುರುವಾಗುತ್ತಿತ್ತು.

ಕೊನೆಗೆ ಮುಂಬೈಯ ಒಂದು ಖಾಸಗಿ ಜೆಟ್ ಕಂಪನಿ ಕರೆಯಿತು. ಸಿರಿವಂತರನ್ನು ಅವರಿಗೆ ಬೇಕಾದ ಹೊತ್ತಿಗೆ ಬೇಕಾದ ಊರಿಗೆ ಒಯ್ದು ಬಿಡುವ ಸಣ್ಣ ವಿಮಾನಗಳ ಕಂಪನಿ ಅದು. ಬರಹದ ಪರೀಕ್ಷೆ ಮುಗಿಯಿತು. ಆಮೇಲೆ ಸಿಮ್ಯುಲೇಟರ್. ನೆಲ ಬಿಡದೆಯೇ ವಿಮಾನ ಹಾರಿಸಿದ ಅನುಭವ ಕೊಡುವ ಆ ಯಂತ್ರದಲ್ಲಿ ಅವಳನ್ನು ಕೂರಿಸಿ, ಕಂಪನಿಯ ಹಿರಿಯ ಪೈಲಟ್ ಕ್ಯಾಪ್ಟನ್ ಶಶಿಕಾಂತ ವಿಮಾನ ಇನ್ನೇನು ಏಳಬೇಕೆನ್ನುವಾಗ ಒಂದು ಎಂಜಿನ್ ಆರಿಸಿಬಿಟ್ಟರು. ಭಾಗ್ಯಶ್ರೀ ಉಳಿದ ಒಂದೇ ಎಂಜಿನ್ನಿನಲ್ಲಿ ಏರಿಸಿ, ಸುತ್ತು ಹಾಕಿ, ಇಳಿಸಿ ತೋರಿಸಿದಳು. ಕ್ಯಾಪ್ಟನ್ ಬೆಳಗಾವಿ ಕಡೆಯವರು, ಮಾತು ಕಡಿಮೆ. "ಛಲೋ ಆತು" ಎಂದಷ್ಟೇ ಹೇಳಿ ಎದ್ದು ಹೋದರು. ಇನ್ನು ಉಳಿದದ್ದು ಮ್ಯಾನೇಜರರ ಭೇಟಿಯೊಂದೇ. ಇದು ಆಗದಿದ್ದರೆ ತಟ್ಟಲು ಬೇರೆ ಬಾಗಿಲೇ ಇರಲಿಲ್ಲ.

ಮ್ಯಾನೇಜರ್ ರಾಜಶೇಖರ ಬೆಂಗಳೂರಿನವರು. ಫೋನು ಮಾಡಿ, ನಮ್ಮ ಗಿರಾಕಿಯೊಬ್ಬರು ಹುಬ್ಬಳ್ಳಿಗೆ ಬರುವವರಿದ್ದಾರೆ, ಅದೇ ವಿಮಾನದಲ್ಲಿ ನಾನೂ ಕ್ಯಾಪ್ಟನ್ನರೂ ಬರುತ್ತೇವೆ, ಅವರ ಕೆಲಸ ಮುಗಿಯುವವರೆಗೆ ನಮಗೆ ಬಿಡುವು, ಯಾವುದಾದರೂ ಹೋಟೆಲಿನಲ್ಲಿ ಭೇಟಿಯಾಗೋಣ ಎಂದರು. ಪಕ್ಕದಲ್ಲೇ ಕೂತಿದ್ದ ಅವಳ ತಂದೆ ಚನ್ನಯ್ಯನವರು ಫೋನು ಇಸಿದುಕೊಂಡರು. ಅಮರಗೋಳದ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ದಲಾಲಿಯ ಅಡತಿ ಅಂಗಡಿ ಅವರದು. ಪರಊರಿನ ವ್ಯಾಪಾರಿಯನ್ನು ಊಟ ಹಾಕಿಸದೆ ಕಳಿಸಿದ ದಾಖಲೆ ಇಲ್ಲ.

"ಊರಿಗಿ ಬಂದವರು ಹೊಟೇಲಿನ್ಯಾಗ ಕೂಡೂದು ಚಂದ ಅಲ್ರಿ. ಮನಿಗೇ ಬರ್ರಿ" ಎಂದು ಒಪ್ಪಿಸಿಯೂಬಿಟ್ಟರು.

ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ತಾಯಿ ಇಲ್ಲದ ಮನೆ, ಅಡುಗೆಗೆ ಕೈಯಾಗಲಿ ಎಂದು ಕಮರಿಪೇಟೆಯಲ್ಲಿದ್ದ ತಮ್ಮ ಅಕ್ಕ ಕಾಳವ್ವನಿಗೂ ಫೋನು ಮಾಡಿ, ಹುಡುಗಿಯನ್ನು ನೋಡಲು ಮುಂಬೈಯಿಂದ ಇಬ್ಬರು ಬರುತ್ತಾರೆ, ಲಗೂ ಬಾ ಎಂದರು. ಯಾತಕ್ಕೆ ನೋಡಲು ಎಂದು ಹೇಳುವುದು ಮರೆತರು. ನಮ್ಮ ಕಡೆ ಆ ಮಾತಿಗೆ ಎರಡನೆಯ ಅರ್ಥವೇ ಇಲ್ಲ. ಕಾಳವ್ವ ಇಲಕಲ್ ಸೀರೆ, ಮಲ್ಲಿಗೆ ದಂಡೆ, ಕುಂಕುಮದ ಬಟ್ಟಲು ಎಲ್ಲ ಕಟ್ಟಿಕೊಂಡು ಬೆಳಿಗ್ಗೆಯೇ ಆಟೋದಿಂದ ಇಳಿದಳು. ಬರುವವರು ನೌಕರಿಗೆ ನೋಡುವವರು, ಮದುವೆಗಲ್ಲ ಎಂದು ಭಾಗ್ಯಶ್ರೀ ಸಿಟ್ಟಿನಿಂದ ಬಿಡಿಸಿ ಹೇಳಿದರೂ ಆಕೆ ಒಂದಿಷ್ಟೂ ನಾಚಲಿಲ್ಲ.

"ಯಾತಕ್ಕ ನೋಡಿದ್ರೂ ನೋಡೂದು ಅಂದ್ರ ನೋಡೂದ. ಶಿರಾ ಮಾಡ್ಲೋ ಬ್ಯಾಡೋ, ಅದನ್ನಷ್ಟ ಹೇಳು."

ಶಿರಾ ಆಯಿತು. ಭಾಗ್ಯಶ್ರೀ ಹಟ ಹಿಡಿದು ಬಿಳಿ ಶರ್ಟು, ಕಪ್ಪು ಪ್ಯಾಂಟು ಹಾಕಿಕೊಂಡು ಕೂತಳು. ಹವಾಮಾನ, ಇಂಧನ, ಇಳಿಯುವ ವೇಗ ಎಲ್ಲವನ್ನೂ ಹಿಂದಿನ ದಿನವೇ ಮತ್ತೊಮ್ಮೆ ಓದಿ ಮುಗಿಸಿದ್ದಳು.

ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಕ್ಯಾಪ್ಟನ್ನರ ಜೊತೆ ಬಂದ ರಾಜಶೇಖರರು ಎರಡು ಸಲ ಶಿರಾ ಹಾಕಿಸಿಕೊಂಡು ತಿಂದು, ಕೈ ಒರೆಸಿಕೊಂಡು, ಎತ್ತರ ಎಷ್ಟಮ್ಮ ಎಂದು ಕೇಳಿದರು. ಎದ್ದು ನಿಲ್ಲು ಎಂದರು. ಯೂನಿಫಾರಂ ಹೇಗೆ ಒಪ್ಪುತ್ತದೋ ನೋಡಬೇಕು, ಬಾಗಿಲವರೆಗೆ ನಡೆದು ಬಾ ಎಂದರು. ಮದುವೆ ಯಾವಾಗ, ಗಂಡನ ಮನೆಯವರು ಒಪ್ಪದಿದ್ದರೆ ಏನು ಗತಿ, ಮಕ್ಕಳಾದರೆ ಹೇಗೆ ಎಂದರು. ಆಮೇಲೆ ಅವಳು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಚನ್ನಯ್ಯನವರ ಕಡೆ ತಿರುಗಿ, ಹುಡುಗಿಗೆ ಸಿಟ್ಟು ಜಾಸ್ತಿಯೇ ಎಂದು ವಿಚಾರಿಸಿದರು. ಅಡುಗೆಮನೆ ಬಾಗಿಲಲ್ಲಿ ನಿಂತ ಕಾಳವ್ವನಿಗೆ ಮಾತ್ರ ಸಮಾಧಾನ. ಪ್ರಶ್ನೆಗಳೆಲ್ಲ ಕ್ರಮವಾಗಿಯೇ ಬರುತ್ತಿದ್ದವು, ಹಾಡು ಹೇಳಿಸುವುದೊಂದು ಬಾಕಿ ಇತ್ತು. ತಪ್ಪು ತಿಳಿದದ್ದು ಅತ್ತೆಯಲ್ಲ, ತಾನೇ ಎಂದು ಭಾಗ್ಯಶ್ರೀಗೆ ಆಗ ಹೊಳೆದು ಮೈಯೆಲ್ಲ ಉರಿಯಿತು. ಎಂಜಿನ್ ಆರಿಸಿ ಪರೀಕ್ಷೆ ಮಾಡಿದ್ದ ಕ್ಯಾಪ್ಟನ್ ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದರು. ಆ ತಗ್ಗಿದ ತಲೆಯನ್ನು ಕಂಡು ಅವಳಿಗೆ ಇನ್ನೂ ಉರಿಯಿತು.

ಅಸಲು ಮಾತು ಕೊನೆಗೆ ಹೊರಬಿತ್ತು.

"ನೋಡಮ್ಮ, ನಮ್ಮ ಕಸ್ಟಮರ್‌ಗಳು ದೊಡ್ಡ ಜನ. ಮುಂದೆ ಹುಡುಗಿ ಕೂತಿದ್ರೆ ಒಬ್ಬೊಬ್ಬರಿಗೆ ಭಯ. ಮೊದಲನೇ ವರ್ಷ ಸೀರೆ ಉಟ್ಕೊಂಡು ಹಿಂದೆ ಇರು, ಅವರ ಕಾಫಿ ತಿಂಡಿ ನೋಡ್ಕೋ. ಅಪಾಯಿಂಟ್‌ಮೆಂಟ್ ಆರ್ಡರಲ್ಲಿ ಪೈಲಟ್ ಅಂತಲೇ ಬರೀತೀವಿ."

ಎಂಥ ಉದಾರ ಮನಸ್ಸು! ಬರೆಯುವುದು ಪೈಲಟ್, ಮಾಡಿಸುವುದು ಬೇರೆ. ಭಾಗ್ಯಶ್ರೀ ದನಿ ಎತ್ತರಿಸಲಿಲ್ಲ, ಆದರೆ ಕೂಡ್ರಲೂ ಇಲ್ಲ.

"ನಿಮ್ಮ ಕೋ-ಪೈಲಟ್ ಹುಡುಗ್ರು ಬ್ಯಾಗ್ ಹೊರ್ತಾರ, ಚಹಾ ಕೊಡ್ತಾರ, ನನಗ ಗೊತ್ತೈತ್ರಿ. ನಾನೂ ಮಾಡ್ತೇನಿ, ನಾಚಿಕಿ ಇಲ್ಲ. ಆದ್ರ ವಿಮಾನ ಏಳೂ ಹೊತ್ತಿಗೆ ಅವರು ಎಲ್ಲಿ ಕೂಡ್ತಾರೋ ನಾನೂ ಅಲ್ಲೇ ಕೂಡೂದು. ಕ್ಯಾಪ್ಟನ್ನರ ಬಲಗಡಿ ಸೀಟು. ಅದಿಲ್ಲಂದ್ರ ಈ ನೌಕರಿ ನನಗ ಬ್ಯಾಡ್ರಿ."

ಚನ್ನಯ್ಯನವರು ದಡಬಡಿಸಿ ಎದ್ದು ಕೈ ಮುಗಿದರು. ಸಣ್ಣವಳು, ತಿಳಿಯದೆ ಮಾತಾಡಿದಳು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಮ್ಯಾನೇಜರರನ್ನು ಬೇಡಿಕೊಂಡರು. ರಾಜಶೇಖರರು ನಕ್ಕು, ಹೋಗಿ ತಿಳಿಸುತ್ತೇವೆ ಎಂದು ಹೊರಟರು. ಹೋಗಿ ತಿಳಿಸುತ್ತೇವೆ ಎಂದವರು ಯಾವ ಕಾಲಕ್ಕೂ ತಿಳಿಸುವುದಿಲ್ಲ ಎಂಬುದು, ಮೂವರು ಹೆಣ್ಣುಮಕ್ಕಳ ಮದುವೆ ಮಾಡಿದ ಕಾಳವ್ವನಿಗೆ ಚೆನ್ನಾಗಿ ಗೊತ್ತಿತ್ತು. ಆಕೆ ತಟ್ಟೆಗಳನ್ನು ದಡದಡ ಎತ್ತಿಕೊಂಡು ಒಳಗೆ ಹೋದಳು.

ಮ್ಯಾನೇಜರರ ಮೇಲಿನ ಸಿಟ್ಟು ಭಾಗ್ಯಶ್ರೀಗೆ ಸಂಜೆಯ ಹೊತ್ತಿಗೆ ಹಳೆಯದಾಗಿತ್ತು. ತಂದೆಯ ಮೇಲಿನದು ಆಗಲಿಲ್ಲ. "ನಾ ತಪ್ಪು ಮಾಡ್ಲಾರದಕ್ಕ ನೀ ಯಾಕ ಕೈ ಮುಗದಿ ಅಪ್ಪಾ?" ಎಂದು ಕೇಳಿದಳು. ನಾಲ್ಕು ವರ್ಷ ಕಾದದ್ದು ಕೈ ತಪ್ಪಿ ಹೋದೀತೆಂಬ ಹೆದರಿಕೆ ಎಂದು ಅವರು ತಡವರಿಸಿದರು. ಕೈ ಮುಗಿಸಿಕೊಂಡು ಕೊಡುವ ಸೀಟಿನಲ್ಲಿ ತಾನು ಹೇಗೆ ಕೂಡ್ರುವುದು ಎಂದು ಅವಳು ಮತ್ತೆ ಕೇಳಿದಳು. ಮನೆಯಲ್ಲಿ ಎಷ್ಟೋ ದಿನ ಮಾತು ಊಟಕ್ಕೆ ಬಾ, ಬಾಗಿಲು ಹಾಕು ಎನ್ನುವಷ್ಟಕ್ಕೇ ನಿಂತಿತು. ಕಾಳವ್ವ ಮಾತ್ರ, ಈ ಅಪ್ಪ ಮಗಳನ್ನು ಬಿಟ್ಟು ಹೋದರೆ ಗೋಡೆಗಳೇ ಬಿರಿದಾವು ಎಂದು ಕಮರಿಪೇಟೆಗೆ ಮರಳದೆ ಉಳಿದಳು.

ಒಂದು ಭಾನುವಾರ ಬೆಳಿಗ್ಗೆ ಫೋನು ಬಂತು. ಭಾಗ್ಯಶ್ರೀಗಲ್ಲ, ಚನ್ನಯ್ಯನವರಿಗೆ. ಮಾರ್ಕೆಟ್ಟಿನ ಗದ್ದಲದಲ್ಲಿ ಮಾತಾಡಿ ರೂಢಿಯಾದ ಅವರಿಗೆ ಸ್ಪೀಕರ್ ಹಚ್ಚದಿದ್ದರೆ ಕೇಳಿಸದು, ಹೀಗಾಗಿ ರಾಜಶೇಖರರ ದನಿ ಮನೆಯೆಲ್ಲ ತುಂಬಿತು. ಕ್ಯಾಪ್ಟನ್ ಒಬ್ಬರೇ ಹಟ ಹಿಡಿದು ಕೂತಿದ್ದಾರೆ, ಇವಳಲ್ಲದೆ ಬೇರೆ ಕೋ-ಪೈಲಟ್ ಬೇಡ ಎನ್ನುತ್ತಿದ್ದಾರೆ, ಆಗಲಿ, ಬಲಗಡೆ ಸೀಟೇ ಕೊಡುತ್ತೇವೆ ಎಂದರು. ಭಾಗ್ಯಶ್ರೀ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟಳು. ಆದರೆ ಮಾತು ಅಲ್ಲಿಗೇ ಮುಗಿಯಲಿಲ್ಲ.

"ಎರಡು ವರ್ಷ ಮದುವೆ ಮಾಡಲ್ಲ ಅಂತ ನೀವೊಂದು ಮಾತು ಕೊಡಿ. ತಂದೆ ಒಪ್ಪಿಗೆ ಇದ್ರೆ ಇವತ್ತೇ ಆರ್ಡರ್ ಕಳಿಸ್ತೀನಿ."

ಹೂಂ ಎಂದರೆ ಮುಗಿಯಿತು. ಚನ್ನಯ್ಯನವರು ಮಗಳ ಮುಖ ನೋಡಿದರು.

"ನನ್ನ ಒಪ್ಪಿಗಿ ಕೇಳಾಕ ಇದು ಬೀಗತನ ಅಲ್ರಿ" ಎಂದರು ಚನ್ನಯ್ಯನವರು. "ನೌಕರಿ ಆಕೀದು. ಆಕೀ ಹತ್ರ ಫೋನ್ ಐತಿ. ಆಕಿನ್ನ ಕೇಳ್ರಿ."

ಕರೆ ಕತ್ತರಿಸಿ, ಫೋನನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ನಾನೇನು ಮಾಡಿದೆ ಎಂದು ತಾವೇ ಗಾಬರಿಯಾಗಿ ಕೂತರು. ಭಾಗ್ಯಶ್ರೀಯ ಕಣ್ಣು ತುಂಬಿ ಬಂತು, ಆದರೆ ಅಳುವಷ್ಟು ಪುರುಸೊತ್ತು ಇರಲಿಲ್ಲ. ಅವಳ ಫೋನು ಹೊಡೆದುಕೊಳ್ಳತೊಡಗಿತು. ಕೈ ಚಾಚಿದವಳನ್ನು ಕಾಳವ್ವ ರಟ್ಟೆ ಹಿಡಿದು ನಿಲ್ಲಿಸಿದಳು.

"ಮೊದಲ್ನೇ ಸಲಕ್ಕ ಎತ್ತಬ್ಯಾಡ. ಹಗುರ ಆಗ್ತೇವಿ."

ಫೋನು ಪೂರ್ತಿ ಹೊಡೆದು ನಿಂತಿತು. ಚನ್ನಯ್ಯನವರು ಗಡಿಯಾರ ನೋಡಿದರು. ಅದು ಮತ್ತೆ ಹೊಡೆಯಿತು. ಭಾಗ್ಯಶ್ರೀ ಎತ್ತಿ, ಕೋ-ಪೈಲಟ್ ಭಾಗ್ಯಶ್ರೀ ಮಾತಾಡಾಕತ್ತೇನಿ, ಹೇಳ್ರಿ ಎಂದಳು. ಆ ಕಡೆಯಿಂದ ರಾಜಶೇಖರರು ಮದುವೆಯ ಮಾತು ಎತ್ತಲಿಲ್ಲ. ಯಾವತ್ತು ಬಂದು ಸೇರಿಕೊಳ್ಳುತ್ತೀರಿ ಎಂದು ಕೇಳಿದರು.